ಮನೆಯಲ್ಲಿ ಬೆಳೆದ ಹುಡುಗನನ್ನೇ ಮೊದಲು ಯಾಕೆ ಮಾರುತ್ತಾರೆ?

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಇಂಗ್ಲೆಂಡಿನ ಫುಟ್‌ಬಾಲ್ ಬಗ್ಗೆ: ಅಲ್ಲಿ ವಿದೇಶಿ ಆಟಗಾರ ಅಂದರೆ ಯಾರು, ಕ್ಲಬ್‌ಗಳು ತಾವೇ ಬೆಳೆಸಿದ ಹುಡುಗರನ್ನು ಯಾಕೆ ಮಾರುತ್ತವೆ ಅಂತ. ಮೊದಲು ಒಂದು ಟೀಮ್ ಪಟ್ಟಿ ಓದಿಬಿಡುತ್ತೇನೆ, ಆಮೇಲೆ ಮಾತು.

1986ರ ಮೇ 10. ವೆಂಬ್ಲಿ ಮೈದಾನ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ನಡೆಸುವ ಕಪ್‌ನ ಫೈನಲ್, ಲಿವರ್‌ಪೂಲ್ ತಂಡ. ಗೋಲ್‌ಕೀಪರ್ ಗ್ರೊಬೆಲಾರ್, ಜಿಂಬಾಬ್ವೆ. ಲಾರೆನ್ಸನ್, ಬೆಗ್ಲಿನ್, ವೀಲನ್, ಮೂವರೂ ಐರ್ಲೆಂಡ್ ಪರ ಆಡಿದವರು. ನಿಕಲ್, ಹ್ಯಾನ್ಸೆನ್, ಡಾಲ್ಗ್ಲಿಷ್, ಮ್ಯಾಕ್‌ಡೊನಾಲ್ಡ್, ನಾಲ್ವರೂ ಸ್ಕಾಟ್‌ಲೆಂಡಿನವರು. ಇಯಾನ್ ರಷ್ ವೇಲ್ಸ್‌ನವರು. ಮೊಲ್ಬಿ ಡೆನ್ಮಾರ್ಕ್. ಕ್ರೇಗ್ ಜಾನ್‌ಸ್ಟನ್ ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. ಎಣಿಸಿದಿರಾ? ಹನ್ನೊಂದು. ಇವರಲ್ಲಿ ಲಾರೆನ್ಸನ್ ಹುಟ್ಟಿದ್ದೇನೋ ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ. ಆದರೆ ಇಂಗ್ಲೆಂಡ್ ರಾಷ್ಟ್ರೀಯ ತಂಡಕ್ಕೆ ಆಡಿದವರು ಒಬ್ಬರೂ ಇಲ್ಲ. ಎವರ್ಟನ್ ವಿರುದ್ಧ 3-1 ಗೆದ್ದರು.

ಈಗ ಇನ್ನೊಂದು ಪಟ್ಟಿ. 1999ರ ಡಿಸೆಂಬರ್ 26, ಸೌತಾಂಪ್ಟನ್‌ನ ಡೆಲ್ ಮೈದಾನ. ವಿಯಾಲಿ ಕೋಚ್ ಆಗಿದ್ದ ಚೆಲ್ಸಿ ತಂಡ. ಡೆ ಗೋಯ್, ಫೆರೆರ್, ಲೆಬಫ್, ಡೆಶಾಂಪ್ಸ್, ಪೆಟ್ರೆಸ್ಕು, ಡಿ ಮಟೆಯೊ, ಪೊಯೆಟ್, ಫ್ಲೋ... ಸಾಕು ಬಿಡಿ, ನಿಮಗೆ ಗೊತ್ತಾಯಿತು. ಇಂಗ್ಲಿಷ್ ಲೀಗ್‌ನಲ್ಲಿ ಬ್ರಿಟಿಷರು ಒಬ್ಬರೂ ಇಲ್ಲದೆ ಆಟ ಶುರು ಮಾಡಿದ ಮೊಟ್ಟಮೊದಲ ತಂಡ ಇದು. ಫ್ಲೋ ಎರಡು ಗೋಲು ಹೊಡೆದು 2-1 ಗೆಲ್ಲಿಸಿದರು. ಆದರೆ ಇವತ್ತಿಗೂ ಜನ ನೆನೆಯುವುದು ಆ ಗೋಲುಗಳನ್ನಲ್ಲ, ಆ ಪಟ್ಟಿಯನ್ನ.

ಹಾಗಾದರೆ ವಿದೇಶಿ ಅಂದರೆ ಯಾರು? ಈ ಗೆರೆ ಆಗಾಗ ಜಾಗ ಬದಲಿಸುತ್ತಲೇ ಬಂದಿದೆ. 1888-89ರಲ್ಲಿ ಮೊದಲ ಲೀಗನ್ನು ಒಂದೂ ಸೋಲದೆ ಗೆದ್ದ ಪ್ರೆಸ್ಟನ್ ತಂಡದಲ್ಲೇ ಸ್ಕಾಟ್‌ಲೆಂಡಿನ ಹುಡುಗರು ಜಾಸ್ತಿ ಇದ್ದರು. ಅವರನ್ನು ಯಾರೂ ತಡೆಯಲಿಲ್ಲ. ಯುರೋಪಿನಿಂದ ಬಂದವರಿಗೆ ಮಾತ್ರ ಬಾಗಿಲು ಮುಚ್ಚಿತ್ತು. 1930ರಲ್ಲಿ ಆರ್ಸೆನಲ್‌ನ ಹರ್ಬರ್ಟ್ ಚಾಪ್‌ಮನ್, ಆಸ್ಟ್ರಿಯಾದ ಗೋಲ್‌ಕೀಪರ್ ರೂಡಿ ಹಿಡೆನ್ ಅವರನ್ನು ಕರೆಸಿಕೊಳ್ಳಲು ಹೊರಟರು. ಹಿಡೆನ್ ಅವರನ್ನು ದೇಶದೊಳಗೆ ಬಿಡಲೇ ಇಲ್ಲ. ಮರುವರ್ಷವೇ ಎಫ್‌ಎ ನಿಯಮ ತಂದಿತು: ಹೊರಗಿನವರು ಎರಡು ವರ್ಷ ಇಲ್ಲಿ ವಾಸ ಮಾಡಿರಬೇಕು, ಆಮೇಲೆ ಆಟ. ಈ ನಿಯಮ ತೆಗೆದದ್ದು 1978ರಲ್ಲಿ. ಅದೇ ಬೇಸಿಗೆಯಲ್ಲಿ ವಿಶ್ವಕಪ್ ಗೆದ್ದ ಅರ್ಜೆಂಟೀನಾ ತಂಡದ ಆರ್ಡಿಲೆಸ್ ಮತ್ತು ವಿಯಾ ನೇರವಾಗಿ ಟಾಟೆನ್‌ಹ್ಯಾಮ್‌ಗೆ ಬಂದಿಳಿದರು.

ತಮಾಷೆ ಏನು ಗೊತ್ತಾ? ಮನೆಯಲ್ಲಿ ನಮ್ಮವನು ಅನ್ನಿಸಿಕೊಂಡ ಸ್ಕಾಟ್ ಹುಡುಗ, ತನ್ನ ಇಂಗ್ಲಿಷ್ ಕ್ಲಬ್ ಜೊತೆ ಯುರೋಪಿನ ಟೂರ್ನಿಗೆ ಆಡಲು ಹೋದರೆ ವಿದೇಶಿ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಆಗ ಒಂದು ತಂಡಕ್ಕೆ ಮೂವರು ವಿದೇಶಿಯರು, ಜೊತೆಗೆ ಆ ಕ್ಲಬ್‌ನ ದೇಶದಲ್ಲೇ ಆಡಿ ಪಳಗಿದ ಇನ್ನಿಬ್ಬರು ವಿದೇಶಿಯರು, ಇಷ್ಟಕ್ಕೇ ಅವಕಾಶ ಕೊಡುತ್ತಿತ್ತು. 1994ರ ನವೆಂಬರ್‌ನಲ್ಲಿ ಬಾರ್ಸಿಲೋನಾಕ್ಕೆ ಹೋದ ಮ್ಯಾಂಚೆಸ್ಟರ್ ಯುನೈಟೆಡ್ ಈ ಲೆಕ್ಕ ಸರಿ ಮಾಡಲು ಡೆನ್ಮಾರ್ಕಿನ ಗೋಲ್‌ಕೀಪರ್ ಪೀಟರ್ ಶ್ಮೈಕಲ್ ಅವರನ್ನೇ ಹೊರಗಿಟ್ಟಿತು. 4-0 ಸೋತು ಬಂತು. ಮರುವರ್ಷ, 1995ರ ಡಿಸೆಂಬರ್ 15ರಂದು, ಬಾಸ್‌ಮನ್ ಎಂಬ ಬೆಲ್ಜಿಯಂ ಆಟಗಾರನ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ ಇಂಥ ಮಿತಿ ಹಾಕುವಂತಿಲ್ಲ ಎಂದಾಯಿತು. ಲೀಗ್ ಎಷ್ಟು ಬದಲಾಯಿತು ನೋಡಿ. 1992ರಲ್ಲಿ ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ ಶುರುವಾದ ವಾರ, ಎಲ್ಲ 22 ತಂಡಗಳ ಮೊದಲ ಹನ್ನೊಂದರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಹೊರಗಿನವರು 13 ಮಂದಿ ಮಾತ್ರ. ಏಳು ವರ್ಷ ಕಳೆಯುವಷ್ಟರಲ್ಲಿ ಒಂದೇ ತಂಡದಲ್ಲಿ ಹನ್ನೊಂದು!

ಇಲ್ಲಿಂದ ಒಂದು ದೂರು ಶುರುವಾಯಿತು. ವಿದೇಶಿಯರು ಬಂದು ನಮ್ಮ ಹುಡುಗರ ಜಾಗ ಕಿತ್ತುಕೊಂಡರು, ಅದಕ್ಕೇ ಇಂಗ್ಲೆಂಡ್ ತಂಡ ಹಾಳಾಯಿತು ಅಂತ. 2007ರ ನವೆಂಬರ್ 21ರ ರಾತ್ರಿ ವೆಂಬ್ಲಿಯಲ್ಲಿ ಮಳೆ, ಕೋಚ್ ಮೆಕ್ಲಾರೆನ್ ಕೊಡೆ ಹಿಡಿದು ನಿಂತಿದ್ದಾರೆ, ಕ್ರೊಯೇಷಿಯಾ 3-2 ಗೆದ್ದು ಇಂಗ್ಲೆಂಡನ್ನು ಯೂರೋ ಕಪ್‌ನಿಂದ ಹೊರಗೆ ಹಾಕಿತು. ಆಮೇಲೆ ದೂರು ಇನ್ನೂ ಜೋರಾಯಿತು.

ನನಗೆ ಈ ವಾದ ಯಾವತ್ತೂ ಒಪ್ಪಿಗೆಯಾಗಿಲ್ಲ. 1974ರ ವಿಶ್ವಕಪ್‌ಗೆ ಇಂಗ್ಲೆಂಡ್ ಅರ್ಹತೆ ಪಡೆಯಲಿಲ್ಲ. 1978ಕ್ಕೂ ಇಲ್ಲ. ಆಗ ಲೀಗ್‌ನಲ್ಲಿ ಯಾವ ವಿದೇಶಿ ಇದ್ದ? ಜಾಗವೆಲ್ಲ ಇವರದ್ದೇ ಇತ್ತಲ್ವಾ?

ಆದರೂ ದೂರಿನ ಒತ್ತಡಕ್ಕೆ 2010ರಲ್ಲಿ ಪ್ರೀಮಿಯರ್ ಲೀಗ್ ಒಂದು ನಿಯಮ ತಂದಿತು. ನಮಗೆ ಐಪಿಎಲ್ ಲೆಕ್ಕ ಗೊತ್ತು: ಆಡುವ ಹನ್ನೊಂದರಲ್ಲಿ ನಾಲ್ವರು ವಿದೇಶಿಯರು, ಪಾಸ್‌ಪೋರ್ಟ್ ನೋಡಿದರೆ ಆಯಿತು. ಇಂಗ್ಲೆಂಡಿನದ್ದು ಹಾಗಲ್ಲ. ಅಲ್ಲಿ 25 ಜನರ ಪಟ್ಟಿಯಲ್ಲಿ ‘ಹೋಮ್‌ಗ್ರೋನ್’ ಅಲ್ಲದವರು 17ಕ್ಕಿಂತ ಜಾಸ್ತಿ ಇರುವಂತಿಲ್ಲ. 21 ವರ್ಷದೊಳಗಿನವರನ್ನು ಆ ಪಟ್ಟಿಗೆ ಸೇರಿಸಲೇಬೇಕಿಲ್ಲ. ಹೋಮ್‌ಗ್ರೋನ್ ಅಂದರೆ 21 ತುಂಬುವುದರೊಳಗೆ ಇಂಗ್ಲೆಂಡ್ ಅಥವಾ ವೇಲ್ಸ್‌ನ ಕ್ಲಬ್‌ನಲ್ಲಿ ಮೂರು ವರ್ಷ ಕಳೆದವನು. ಹುಟ್ಟಿದ ಊರು ಲೆಕ್ಕಕ್ಕಿಲ್ಲ, ಪಳಗಿದ ಊರು ಲೆಕ್ಕ.

ಇದರಿಂದ ಚಮತ್ಕಾರಗಳು ನಡೆದವು. 16ನೇ ವಯಸ್ಸಿಗೆ ಬಾರ್ಸಿಲೋನಾದಿಂದ ಆರ್ಸೆನಲ್‌ಗೆ ಬಂದ ಫಾಬ್ರೆಗಾಸ್, ಸ್ಪೇನ್‌ಗೆ ವಿಶ್ವಕಪ್ ಗೆದ್ದುಕೊಟ್ಟವರಲ್ಲಿ ಒಬ್ಬ, ಇಂಗ್ಲೆಂಡಿನಲ್ಲಿ ಹೋಮ್‌ಗ್ರೋನ್. ಚೆಲ್ಟನ್‌ಹ್ಯಾಮ್‌ನಲ್ಲಿ ಹುಟ್ಟಿ, ಇಂಗ್ಲೆಂಡ್ ಪರ ಆಡಿದ ಎರಿಕ್ ಡೈಯರ್ ಪೋರ್ಚುಗಲ್‌ನಲ್ಲಿ ಆಟ ಕಲಿತದ್ದಕ್ಕೆ ಹೋಮ್‌ಗ್ರೋನ್ ಅಲ್ಲ! ಬ್ರೆಕ್ಸಿಟ್ ಆದ ಮೇಲೆ, 2021ರಿಂದ, 18 ತುಂಬದ ಹುಡುಗರನ್ನು ಹೊರದೇಶದಿಂದ ತರುವಂತಿಲ್ಲ. ಇನ್ನೊಬ್ಬ ಫಾಬ್ರೆಗಾಸ್ ಆ ದಾರಿಯಲ್ಲಿ ಬರುವುದು ಮುಗಿಯಿತು.

ನಿಜವಾಗಿ ಬದಲಾವಣೆ ತಂದದ್ದು ತಡೆಗೋಡೆಗಿಂತ ತರಬೇತಿ. 2012ರಲ್ಲಿ ಕ್ಲಬ್‌ಗಳು ಹುಡುಗರನ್ನು ಪಳಗಿಸುವ ಅಕಾಡೆಮಿಗಳ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿದರು. ಅದರ ಫಲ ನಮ್ಮ ದೇಶದಲ್ಲೇ ಕಣ್ಣಿಗೆ ಬಿತ್ತು. 2017ರ ಅಕ್ಟೋಬರ್ 28, ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣ, 17 ವರ್ಷದೊಳಗಿನವರ ವಿಶ್ವಕಪ್ ಫೈನಲ್. ಸ್ಪೇನ್ ಎರಡು ಗೋಲು ಹೊಡೆದು ಮುಂದಿತ್ತು. ಕೊನೆಗೆ ಸ್ಕೋರ್ ಇಂಗ್ಲೆಂಡ್ 5, ಸ್ಪೇನ್ 2. ಫಿಲ್ ಫೋಡನ್ ಎರಡು ಗೋಲು. ಆ ಇಂಗ್ಲೆಂಡ್ ತಂಡದ ಹೆಚ್ಚಿನ ಹುಡುಗರು ಬೆಳೆದದ್ದು ವಿದೇಶಿಯರು ತುಂಬಿದ ಕ್ಲಬ್‌ಗಳ ಅಕಾಡೆಮಿಯಲ್ಲೇ.

ಸರಿ, ಹಾಗಾದರೆ ಸಮಸ್ಯೆ ಮುಗಿಯಿತಾ? ಇಲ್ಲ. ಅದು ಮೈದಾನ ಬಿಟ್ಟು ಲೆಕ್ಕದ ಪುಸ್ತಕಕ್ಕೆ ಹೋಗಿ ಕೂತಿದೆ. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ.

ಕ್ಲಬ್‌ಗಳಿಗೆ ಒಂದು ಕಟ್ಟುಪಾಡು ಹಾಕಿದ್ದರು: ಮೂರು ವರ್ಷದಲ್ಲಿ 105 ದಶಲಕ್ಷ ಪೌಂಡ್‌ಗಿಂತ ಜಾಸ್ತಿ ನಷ್ಟ ತೋರಿಸುವಂತಿಲ್ಲ. ಈಗ ಒಬ್ಬ ಆಟಗಾರನನ್ನು 50 ದಶಲಕ್ಷಕ್ಕೆ ಕೊಂಡು ಐದು ವರ್ಷದ ಕರಾರು ಮಾಡಿದರೆ, ಪುಸ್ತಕದಲ್ಲಿ ವರ್ಷಕ್ಕೆ 10 ದಶಲಕ್ಷ ಖರ್ಚು ಬರೆಯುತ್ತಾರೆ. ಎರಡು ವರ್ಷಕ್ಕೆ ಅವನನ್ನು ಮಾರಿದರೆ, ಉಳಿದ 30 ಕಳೆದು ಮಿಕ್ಕಿದ್ದಷ್ಟೇ ಲಾಭ. ಅಕಾಡೆಮಿ ಹುಡುಗನಿಗೆ ಅಸಲೇ ಇಲ್ಲ. ಮಾರಿದ ದುಡ್ಡು ಪೂರ್ತಿ ಲಾಭ, ಅದೂ ಅದೇ ವರ್ಷದ ಲೆಕ್ಕಕ್ಕೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತೇವಲ್ಲ, ಇಲ್ಲಿ ಹಿತ್ತಲ ಗಿಡಕ್ಕೇ ಬೆಲೆ ಜಾಸ್ತಿ. ಅದಕ್ಕೇ ಅದನ್ನು ಮೊದಲು ಕಿತ್ತು ಮಾರುತ್ತಾರೆ.

ಚೆಲ್ಸಿ ಹಾಗೆ ಮೇಸನ್ ಮೌಂಟ್‌ನನ್ನು 2023ರಲ್ಲಿ, ಕಾನರ್ ಗ್ಯಾಲಗರ್‌ನನ್ನು 2024ರಲ್ಲಿ ಮಾರಿತು. ಇಬ್ಬರೂ ಅದೇ ಅಂಗಳದಲ್ಲಿ ಚಿಕ್ಕಂದಿನಿಂದ ಆಡಿದವರು. ಆದರೆ ನನ್ನ ಮನಸ್ಸಿಗೆ ನಾಟಿದ್ದು ನ್ಯೂಕಾಸಲ್‌ನ ಎಲಿಯಟ್ ಆ್ಯಂಡರ್ಸನ್ ಕಥೆ. ಪಕ್ಕದ ವಿಟ್ಲಿ ಬೇ ಊರಿನ ಹುಡುಗ, ಎಳೆಯ ವಯಸ್ಸಿನಿಂದ ಅದೇ ಕ್ಲಬ್. 2024ರ ಜೂನ್ 30ಕ್ಕೆ ಲೆಕ್ಕದ ವರ್ಷ ಮುಗಿಯುತ್ತಿತ್ತು. ಲೆಕ್ಕ ಕೂಡುತ್ತಿರಲಿಲ್ಲ. ಗಡುವಿನ ಹೊತ್ತಿಗೆ ಆ್ಯಂಡರ್ಸನ್‌ನನ್ನು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಮಾರಿದರು. ಅದೇ ದಿನಗಳಲ್ಲಿ ಫಾರೆಸ್ಟ್‌ನಿಂದ ಗ್ರೀಸ್‌ನ ಗೋಲ್‌ಕೀಪರ್ ವ್ಲಾಖೊಡಿಮೊಸ್ ನ್ಯೂಕಾಸಲ್‌ಗೆ ಬಂದರು. ಹೊರಗಿನವನು ಬಂದು ಊರಿನ ಹುಡುಗನ ಜಾಗ ಕಿತ್ತುಕೊಂಡ ಅನ್ನೋಣವೇ? ಪಾಪ, ಆ ಗೋಲ್‌ಕೀಪರ್‌ಗೆ ಮುಂದಿನ ಸೀಸನ್ ಪ್ರೀಮಿಯರ್ ಲೀಗ್‌ನಲ್ಲಿ ಒಂದು ನಿಮಿಷವೂ ಆಡಲು ಸಿಗಲಿಲ್ಲ.

ಆ್ಯಂಡರ್ಸನ್ 2025ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್ ಹಿರಿಯರ ತಂಡದ ಅಂಗಿ ತೊಟ್ಟ. ಆಗಲೂ ಅವನು ಫಾರೆಸ್ಟ್ ಆಟಗಾರ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.