ಮೊದಲು ಶಟರ್, ಆಮೇಲೆ ಅಪರ್ಚರ್

ಸ್ನೇಹಿತರೆ, ನಮಸ್ಕಾರ. ತುಮಕೂರಿನಲ್ಲಿ ಹೊಸದಾಗಿ ಕ್ಯಾಮೆರಾ ಹಿಡಿದವರು ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಹೊಸಬರೆಲ್ಲ ಕೇಳೋದು ಒಂದೇ ಪ್ರಶ್ನೆ: 'ಸರ್, ಯಾವ ಸೆಟ್ಟಿಂಗ್ ಇಡಬೇಕು?' ಅದಕ್ಕೂ ಮೊದಲು ನೀವೇ ಒಂದು ಮಾತು ಕೇಳಿಕೊಳ್ಳಿ. ಎದುರಿಗಿರುವುದು ಅಲ್ಲಾಡುತ್ತಿದೆಯಾ, ಸುಮ್ನೆ ನಿಂತಿದೆಯಾ?

ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ನುಗ್ಗುವ ಕಿಂಡಿ. ಆ ಬೆಳಕು ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಎಷ್ಟು ಹೊತ್ತು ಬೀಳಬೇಕು ಅನ್ನೋದು ಶಟರ್ ಸ್ಪೀಡ್. ಗೊಂದಲ ಶುರುವಾಗೋದು ಕಿಂಡಿಯ ಅಳತೆ ಹೇಳುವ ಎಫ್ ನಂಬರಿನಲ್ಲಿ. ಕಿಂಡಿ ದೊಡ್ಡದಾದರೆ ನಂಬರ್ ಯಾಕೆ ಚಿಕ್ಕದು? ಅದು ಭಾಗಾಕಾರ, ಅಷ್ಟೇ: ಲೆನ್ಸಿನ ಫೋಕಲ್ ಲೆಂತ್, ಅಂದರೆ ಅದರ ಮೇಲೆ ಬರೆದ ಮಿ.ಮೀ. ಅಂಕಿಯನ್ನು ಎಫ್ ನಂಬರಿನಿಂದ ಭಾಗಿಸಿದರೆ ಕಿಂಡಿಯ ಅಗಲ. 50 ಮಿ.ಮೀ. ಲೆನ್ಸನ್ನು ಎಫ್/2ರಲ್ಲಿ ಇಟ್ಟರೆ ಕಿಂಡಿಯ ಅಗಲ 25 ಮಿ.ಮೀ. ಎಫ್/4ರಲ್ಲಿ ಇಟ್ಟರೆ ಹನ್ನೆರಡೂವರೆ. ಅಗಲ ಅರ್ಧವಾದಾಗ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ನಡುವೆ 2.8 ಅನ್ನುವ ಮೆಟ್ಟಿಲಿದೆ. 2.8, 4, 5.6, 8, 11, 16. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧ. ಶಟರಿನಲ್ಲೂ ಹಾಗೇ, ಸೆಕೆಂಡಿನ ಲೆಕ್ಕದಲ್ಲಿ: 1/125, 1/250, 1/500, 1/1000. ಒಂದು ಕಡೆ ಎಷ್ಟು ಮೆಟ್ಟಿಲು ಕಳೆಯುತ್ತೀರೋ ಇನ್ನೊಂದು ಕಡೆ ಅಷ್ಟು ಕೂಡಬೇಕು.

ಶಿರಾ ತಾಲ್ಲೂಕಿನ ಕಗ್ಗಲಡು ನಿಮಗೆಲ್ಲ ಗೊತ್ತಲ್ವಾ? ಅಲ್ಲಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೊಕ್ಕರೆಯೊಂದು ರೆಕ್ಕೆ ಅಗಲಿಸಿ, ಕಾಲು ಚಾಚಿ ಗೂಡಿಗೆ ಇಳಿಯುತ್ತಿದೆ ಅಂದುಕೊಳ್ಳಿ. ಒಳ್ಳೆ ಬಿಸಿಲಿದೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) 100. ಬಿಸಿಲಿಗೆ ಹಳಬರ ಲೆಕ್ಕ ಹೀಗಿದೆ: ಎಫ್/16 ಇಟ್ಟರೆ ಶಟರ್ ಸುಮಾರು 1/125. ಹಾಗೇ ಕ್ಲಿಕ್ಕಿಸಿದರೆ ರೆಕ್ಕೆಯ ತುದಿ ಕಲಸಿಹೋಗುತ್ತದೆ. ಈಗ 16ರಿಂದ 11, 8, 5.6 ಅಂತ ಮೂರು ಮೆಟ್ಟಿಲು ತೆರೆಯಿರಿ. ಶಟರ್ ಮೂರು ಮೆಟ್ಟಿಲು ಏರಿ 1/1000 ಆಗುತ್ತದೆ. ಒಳಬಂದ ಬೆಳಕು ಮೊದಲಿನಷ್ಟೇ, ಆದರೆ ಫೋಟೊ ಬೇರೆ. ರೆಕ್ಕೆಯ ಅಂಚಿನ ಕಪ್ಪು ಗರಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕಿಂಡಿ ದೊಡ್ಡದಾಗಿದ್ದರಿಂದ ಹಿಂದಿನ ಎಲೆಗಳು ಮಸುಕಾಗಿ ಹಕ್ಕಿ ಎದ್ದು ಬರುತ್ತದೆ.

ಮೋಡ ಕವಿದರೆ? ಕಡಿಮೆ ಬೆಲೆಯ ಜೂಮ್ ಲೆನ್ಸುಗಳು ಪೂರ್ತಿ ಚಾಚಿದಾಗ ಸಾಮಾನ್ಯವಾಗಿ 5.6ಕ್ಕಿಂತ ಜಾಸ್ತಿ ತೆರೆಯೋದಿಲ್ಲ. ಆಗ ಶಟರ್ ಇಳಿಸಬೇಡಿ, ಐಎಸ್‌ಒ 400ಕ್ಕೆ, 800ಕ್ಕೆ ಏರಿಸಿ. ಸ್ವಲ್ಪ ಕಾಳುಕಾಳಾದ ಫೋಟೊವನ್ನು ಆಮೇಲೆ ಸರಿಮಾಡಬಹುದು. ಅಲುಗಾಡಿದ ಫೋಟೊ ಸರಿಹೋಗೋದು ಬಹಳ ಕಷ್ಟ. ಹಾಂ, ಇನ್ನೊಂದು ಮಾತು. ಹಕ್ಕಿ ಹಾರಲಿ ಅಂತ ಚಪ್ಪಾಳೆ ತಟ್ಟುವುದು, ಕಲ್ಲು ಎಸೆಯುವುದು ಖಂಡಿತ ಬೇಡ. ಗೂಡಿನಲ್ಲಿ ಮರಿಗಳಿರುತ್ತವೆ.

ನಂದಿಯ ಭೋಗನಂದೀಶ್ವರ ದೇವಸ್ಥಾನದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಕಲ್ಲಿನ ಕಂಬ ಅಲ್ಲಾಡೋದಿಲ್ಲ, ಅಲ್ಲಾಡೋದು ನಮ್ಮ ಕೈ. ಹತ್ತಿರದ ಕಂಬವೂ ದೂರದ ಕಂಬವೂ ಸ್ಪಷ್ಟವಾಗಿ ಬರಬೇಕಾದರೆ ಎಫ್/8 ಇಡಿ. ಮಂಟಪದ ನೆರಳಿನಲ್ಲಿ ಶಟರ್ 1/15ಕ್ಕೆ ಇಳಿದರೂ ಹೆದರಬೇಡಿ. ಗೋಡೆಗೆ ಒರಗಿ, ಮೊಣಕೈ ಎದೆಗೆ ಒತ್ತಿಕೊಂಡು, ಉಸಿರು ಬಿಡುತ್ತಾ ನಿಧಾನಕ್ಕೆ ಒತ್ತಿ.

ಹಿನ್ನೆಲೆ ಮಸುಕಾಗಿಸುವ ಹುಚ್ಚು ಈಗ ಎಲ್ಲರಿಗೂ ಇದೆ. ಒಬ್ಬರ ಮುಖ ತೆಗೆಯುವಾಗ ಅದು ಚೆಂದ. ಆದರೆ ಮದುವೆ ಮನೆಯ ಗ್ರೂಪ್ ಫೋಟೊವನ್ನು ಎಫ್/1.8ರಲ್ಲಿ ತೆಗೆದರೆ ಹಿಂದಿನ ಸಾಲಿನ ಅಜ್ಜಿ ಮಸುಕಾಗಿಬಿಡುತ್ತಾರೆ. ಅಲ್ಲಿ 5.6 ಅಥವಾ 8 ಇರಲಿ.

ಶುರುವಿನಲ್ಲಿ ಎರಡನ್ನೂ ಕೈಯಿಂದಲೇ ತಿರುಗಿಸಬೇಕು ಅಂತ ಹಟ ಬೇಡ. ಶಟರ್ ನೀವು ಹೇಳಿ, ಅಪರ್ಚರ್ ಕ್ಯಾಮೆರಾ ನೋಡಿಕೊಳ್ಳಲಿ. ಕ್ಯಾನನ್‌ನಲ್ಲಿ ಆ ಮೋಡ್‌ನ ಹೆಸರು 'ಟಿವಿ' (Tv), ನಿಕಾನ್‌ನಲ್ಲಿ 'ಎಸ್'. ಭಾನುವಾರ ಸಂಜೆ ಅಮಾನಿಕೆರೆ ಹತ್ತಿರ ಓಡಾಡುವವರನ್ನು 1/30ರಲ್ಲಿ, 1/125ರಲ್ಲಿ, 1/500ರಲ್ಲಿ ತೆಗೆಯಿರಿ. ಮೂರನ್ನೂ ದೊಡ್ಡದು ಮಾಡಿ ಕಾಲುಗಳನ್ನು ನೋಡಿ. ಪ್ರತಿ ಸಲ ಕ್ಯಾಮೆರಾ ಯಾವ ಎಫ್ ನಂಬರ್ ಆರಿಸಿದೆ ಅನ್ನೋದನ್ನೂ ಬರೆದಿಟ್ಟುಕೊಳ್ಳಿ. ಈಗ ಕ್ಯಾಮೆರಾ ಕೈಗೆ ತಗೊಳ್ಳಿ, ಪ್ರಶ್ನೆ ಇದ್ದವರು ಮುಂದೆ ಬನ್ನಿ.