ವೇಷ ಬೇಡ, ವೇಗ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಗುಂಡಿನ ದಾಳಿಯ ಸುದ್ದಿ ಬಂದಾಗ ಒಂದು ಹೆಸರು ನಿಮ್ಮ ಕಿವಿಗೂ ಬಿದ್ದಿರುತ್ತದೆ, ಎಆರ್-15. ನಾನು ಗುಂಡು, ಗಾಯಗಳ ಪರೀಕ್ಷೆ ಮಾಡುವವನು ಅಂತ ಗೊತ್ತಾದರೆ ಸಾಕು, ಜನ ಕೇಳುವುದು ಒಂದೇ. "ಆ ಕಪ್ಪು ಬಂದೂಕು ನಿಜಕ್ಕೂ ಅಷ್ಟು ಅಪಾಯವಾ?" ನನ್ನದೂ ಒಂದೇ ಉತ್ತರ. ಬಂದೂಕಿನ ವೇಷ ನೋಡಬೇಡಿ, ಗುಂಡಿನ ವೇಗ ನೋಡಿ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಎಆರ್ ಅಂದರೆ ಆರ್ಮಲೈಟ್ ರೈಫಲ್. ಅದನ್ನು ಮೊದಲು ಮಾಡಿದ ಕಂಪನಿಯ ಹೆಸರು ಅದು, ಅಷ್ಟೇ. ಅಂಗಡಿಯಲ್ಲಿ ಮಾರುವ ಎಆರ್-15 ಮೆಷಿನ್ ಗನ್ ಅಲ್ಲ, ಸೆಮಿ-ಆಟೊಮ್ಯಾಟಿಕ್. ಟ್ರಿಗರ್ ಒಂದು ಸಲ ಎಳೆದರೆ ಒಂದೇ ಗುಂಡು. ಮುಂದಿನ ತೋಟಾ ತಾನಾಗಿ ಬಂದು ಕೂರುತ್ತದೆ, ಮತ್ತೆ ಎಳೆಯಬೇಕು. ಇವತ್ತಿನ ಬಹುಪಾಲು ಪಿಸ್ತೂಲುಗಳೂ ಹಾಗೆಯೇ.

ಈಗ ನಮ್ಮ ಮೇಷ್ಟ್ರ ಕಥೆ. ನಾನು ಕಲಿಯುವಾಗ ಅವರು ಒಂದು ದಿನ ಮೇಜಿನ ಮೇಲೆ ಎರಡು ರೈಫಲ್ ಇಟ್ಟರು. ಒಂದು ಎಆರ್-15, ಪೂರ್ತಿ ಕಪ್ಪು, ಸಿನಿಮಾ ಖಳನಾಯಕನ ಕೈಯಲ್ಲಿ ಇರುತ್ತದಲ್ಲ, ಹಾಗೆ. ಇನ್ನೊಂದು ಮಿನಿ-14, ಮರದ ಹಿಡಿ, ಹಳೇ ಕಾಲದ ಬೇಟೆ ಬಂದೂಕಿನಂತೆ ಸಾಧು. "ಯಾವುದು ಜಾಸ್ತಿ ಅಪಾಯ?" ಅಂದರು. ನಾವು ಹನ್ನೆರಡು ಜನ. ಹನ್ನೆರಡೂ ಬೆರಳು ಕಪ್ಪು ಬಂದೂಕಿನ ಕಡೆಗೇ.

ಮೇಷ್ಟ್ರು ಮಾತೇ ಆಡಲಿಲ್ಲ. ಎರಡು ಜೆಲಟಿನ್ ಗಟ್ಟಿ ತರಿಸಿದರು. ಗುಂಡಿಗೆ ಇದು ಹೆಚ್ಚುಕಡಿಮೆ ಮಾಂಸದ ಹಾಗೆಯೇ ಎದುರಾಗುತ್ತದೆ. ಅದಕ್ಕೇ 4 ಡಿಗ್ರಿಯಲ್ಲಿ ತಣ್ಣಗೆ ಇಟ್ಟಿರುತ್ತಾರೆ. ಒಂದೊಂದಕ್ಕೆ ಒಂದೊಂದು ಗುಂಡು ಹೊಡೆದರು. ಗುಂಡು ಹೊಕ್ಕ ಕ್ಷಣ ಆ ಗಟ್ಟಿ ಬಲೂನಿನ ಹಾಗೆ ಉಬ್ಬಿ, ಮೇಜಿನಿಂದ ಎಗರಿ ಬಿತ್ತು. ಆಮೇಲೆ ಹಿಂದೆ ದೀಪ ಹಿಡಿದು "ನೋಡ್ರಪ್ಪ, ಈಗ ಹೇಳಿ, ಕಪ್ಪಂದು ಯಾವುದು?" ಅಂದರು. ಎರಡರಲ್ಲೂ ಒಂದೇ ತರಹದ ಬಿರುಕು, ಒಳಗೆ ನಾಲ್ಕೂ ಕಡೆ ಹರಡಿಕೊಂಡಿತ್ತು. ಯಾರಿಗೂ ಹೇಳಲಾಗಲಿಲ್ಲ. ಹೇಗೆ ಆಗುತ್ತದೆ? ಎರಡಕ್ಕೂ ಹಾಕುವುದು ಅದೇ .223 ತೋಟಾ (ಆ ಅಂಕಿ ಹೆಚ್ಚುಕಡಿಮೆ ಇಂಚಿನಲ್ಲಿ ಗುಂಡಿನ ದಪ್ಪ), ಎರಡೂ ಸೆಮಿ-ಆಟೊಮ್ಯಾಟಿಕ್!

ತಮಾಷೆ ಏನು ಗೊತ್ತಾ? ಅಮೆರಿಕದ 1994ರ ಕಾನೂನು ಎಆರ್-15 ಅನ್ನು ಹೆಸರು ಹಿಡಿದು ನಿಷೇಧಿಸಿತು. ಮಡಚದ ಹಿಡಿಯ ಮಿನಿ-14 ಅನ್ನು ಹೆಸರು ಹಿಡಿದೇ ಬಿಟ್ಟುಕೊಟ್ಟಿತು. ವೇಷ ನೋಡಿದರು, ಅಲ್ವಾ?

ಕಥೆ ಇನ್ನೂ ಇದೆ. ಮೇಷ್ಟ್ರು ಮೂರನೇ ಗಟ್ಟಿಗೆ 9 ಎಂಎಂ ಪಿಸ್ತೂಲಿನಿಂದ ಹೊಡೆದರು. ಪೆನ್ಸಿಲ್ ಚುಚ್ಚಿ ತೆಗೆದ ಹಾಗೆ ಒಂದು ತೂತು. ಅಷ್ಟೇ. ನನ್ನ ಬೆರಳನ್ನು ಆ ಗಟ್ಟಿಯ ಮೇಲೆ ಇಟ್ಟು, ಆಮೇಲೆ ರೈಫಲ್ಲಿನ ಗಟ್ಟಿಯ ಬಿರುಕಿನೊಳಗೆ ಇಳಿಸಿದರು. ಆ ತಣ್ಣನೆಯ ಅಂಟು ಇನ್ನೂ ಮರೆತಿಲ್ಲ.

ಪಿಸ್ತೂಲಿನ ಗುಂಡು ಸುಮಾರು 7.5 ಗ್ರಾಂ, ಸೆಕೆಂಡಿಗೆ ಸುಮಾರು 360 ಮೀಟರ್. ರೈಫಲ್ಲಿನದು ಅದರ ಅರ್ಧ ತೂಕ, ಸುಮಾರು 3.6 ಗ್ರಾಂ. ಆದರೆ ಓಟ ಸೆಕೆಂಡಿಗೆ 950 ಮೀಟರ್ ದಾಟುತ್ತದೆ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. ಹಾಗಾಗಿ ಚಿಕ್ಕ ಗುಂಡೇ ಮೂರು ಪಟ್ಟಿಗಿಂತ ಜಾಸ್ತಿ ಶಕ್ತಿ ಹೊತ್ತು ಬರುತ್ತದೆ. ವೇಷ ಅಲ್ಲ, ವೇಗ.

ಹಾಗಾದರೆ ಎಆರ್-15 ಎಲ್ಲಕ್ಕಿಂತ ಬಲಶಾಲಿಯಾ? ಖಂಡಿತ ಅಲ್ಲ. ಜಿಂಕೆ ಬೇಟೆಗೆ ಬಳಸುವ .308 ಗುಂಡಿನ ಶಕ್ತಿ ಇದರ ಸುಮಾರು ಎರಡು ಪಟ್ಟು. ಆದರೆ ಆ ಬಂದೂಕು ಭುಜಕ್ಕೆ ಒದೆಯುತ್ತದೆ, ಅಂಥ ಹಲವಕ್ಕೆ ಪ್ರತಿ ಗುಂಡಿಗೂ ತೋಟಾ ಕೂರಿಸಲು ಕೈಯಲ್ಲಿ ಬೋಲ್ಟ್, ಅಂದರೆ ಹಿಂದಿನ ಅಗುಳಿ, ಎಳೆಯಬೇಕು. ಎಆರ್-15 ಒದೆಯುವುದು ಕಡಿಮೆ. ಮ್ಯಾಗಜೀನಿನಲ್ಲಿ, ಅಂದರೆ ತೋಟಾ ತುಂಬುವ ಡಬ್ಬಿಯಲ್ಲಿ, ಸಾಮಾನ್ಯವಾಗಿ 30 ತೋಟಾ.

ಇನ್ನು ಕೆಲವರು "ಜಾಸ್ತಿ ಕೊಲೆ ಆಗುವುದು ಪಿಸ್ತೂಲಿನಿಂದಲ್ಲವಾ?" ಅಂತ ಅಂಕಿ ಹಿಡಿದು ವಾದಕ್ಕೆ ಬರುತ್ತಾರೆ. ಸರಿ, ಬನ್ನಿ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಲೆಕ್ಕದಲ್ಲಿ 2019ರಲ್ಲಿ ಕೈಬಂದೂಕಿನಿಂದ ಕೊಲೆಯಾದವರು 6,368 ಮಂದಿ, ಎಲ್ಲ ಬಗೆಯ ರೈಫಲ್ ಸೇರಿ 364. ನಿಜ. 2007ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ವರ್ಜೀನಿಯಾ ಟೆಕ್‌ನಲ್ಲಿ 32 ಜನರನ್ನು ಕೊಂದದ್ದೂ ಎರಡು ಪಿಸ್ತೂಲು. ಜೇಬಿಗೆ ಹಿಡಿಸುವುದನ್ನೇ ಜನ ಜಾಸ್ತಿ ಬಳಸುತ್ತಾರೆ, ಇದರಲ್ಲಿ ಏನು ಆಶ್ಚರ್ಯ? ಯಾವುದನ್ನು ಹೆಚ್ಚು ಬಳಸುತ್ತಾರೆ ಅನ್ನುವುದು ಒಂದು ಪ್ರಶ್ನೆ. ಗುಂಡು ಮೈಗೆ ಏನು ಮಾಡುತ್ತದೆ ಅನ್ನುವುದು ಬೇರೆ. ಎರಡನ್ನೂ ಸುಮ್ನೆ ಕಲಸಬೇಡಿ ಅಂತ ಎಷ್ಟು ಸಲ ಹೇಳಲಿ!

ಆ 1994ರ ಕಾನೂನು ಬಂದೂಕಿನ ತುದಿಗೆ ಬಯೊನೆಟ್ (ಚೂರಿ) ಸಿಕ್ಕಿಸುವ ಜಾಗ ಇದೆಯಾ ಅಂತಲೂ ನೋಡುತ್ತಿತ್ತು. ಹೊಸ ಮ್ಯಾಗಜೀನಿಗೆ 10 ತೋಟಾದ ಮಿತಿಯನ್ನೂ ಹಾಕಿತ್ತು. ಅದು ಮಾತ್ರ ಲೆಕ್ಕಕ್ಕೆ ಬರುವ ಮಾತು. 2004ರಲ್ಲಿ ಅವಧಿ ಮುಗಿದು ನಿಷೇಧ, ಮಿತಿ ಎರಡೂ ಹೋದವು. ಈ ಮ್ಯಾಗಜೀನ್ ವಿಷಯಕ್ಕೇ ಅರ್ಧ ಸಮಯ ಇಟ್ಟುಕೊಂಡಿದ್ದೆ, ಮೇಷ್ಟ್ರು ನುಂಗಿಬಿಟ್ಟರು. ನಮಸ್ಕಾರ.