ತನ್ನ ಖುಷಿಗೆ ನೀರಿಗಿಳಿದವಳು

ಕೇಳುಗರಿಗೆ ನಮಸ್ಕಾರ.

1921ರ ಸೆಪ್ಟೆಂಬರ್. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಅಟ್ಲಾಂಟಿಕ್ ಸಿಟಿ ಅಂತ ಕಡಲ ತೀರದ ಊರು. ಲಾಸ್ ಏಂಜಲೀಸಿನಿಂದ ಬಂದಿದ್ದ ಲೂಯಿಸ್ ರೋಸಿನ್ ಎಂಬ ಲೇಖಕಿ ತಮ್ಮ ಉದ್ದನೆಯ ಕಾಲುಚೀಲವನ್ನು ಮಂಡಿಯ ಕೆಳಗೆ ಸುರುಳಿ ಸುತ್ತಿಕೊಂಡು ತೀರಕ್ಕೆ ಬಂದರು. ಮಂಡಿ ಕಾಣುತ್ತಿತ್ತು. ಕಾವಲಿಗಿದ್ದ ಪೊಲೀಸ್ ಕಾಲುಚೀಲ ಮೇಲೆಳೆದುಕೊಳ್ಳಿ ಎಂದ. ನನ್ನ ಕಾಲುಚೀಲ ಎಲ್ಲಿರಬೇಕು ಅನ್ನೋದು ನಗರಸಭೆಗೆ ಬೇಡದ ವಿಷಯ ಎಂದು ಆಕೆ ವಾದಿಸಿದರು. ಮಾತು ಬೆಳೆಯಿತು. ಆಕೆ ಅವನಿಗೆ ಗುದ್ದಿಯೂ ಬಿಟ್ಟರು. ಸರಿ, ಜೈಲು. ಅಲ್ಲಿಯೂ ಕಾಲುಚೀಲ ಮೇಲೆ ಹೋಗಲಿಲ್ಲ.

ಅದೇ ಊರು, ಅದೇ ತಿಂಗಳು. ಮುಂದೆ ಮಿಸ್ ಅಮೆರಿಕ ಎಂದು ಹೆಸರಾದ ಸೌಂದರ್ಯ ಸ್ಪರ್ಧೆ ಮೊದಲ ಸಲ ನಡೆಯಿತು. ಬೇಸಿಗೆ ಮುಗಿದರೂ ಪ್ರವಾಸಿಗರು ಇನ್ನೊಂದಿಷ್ಟು ದಿನ ಉಳಿಯಲಿ ಅನ್ನೋದು ವ್ಯಾಪಾರಸ್ಥರ ಲೆಕ್ಕ. ಈಜುಡುಗೆ ತೊಟ್ಟ ಹುಡುಗಿಯರ ಮೆರವಣಿಗೆ ಆಯಿತು. 16 ವರ್ಷದ ಮಾರ್ಗರೆಟ್ ಗೋರ್ಮನ್ ಗೆದ್ದಳು. ಸ್ಪರ್ಧೆಗೋಸ್ಕರ ಮಂಡಿ ಕಾಣಬಾರದು ಅನ್ನೋ ನಿಯಮವನ್ನು ಸಡಿಲ ಮಾಡಿದ್ದರು!

ನೋಡುವವರ ಖುಷಿಗೆ ಮಂಡಿ ತೋರಿಸಿದರೆ ಬಹುಮಾನ. ತನ್ನ ಖುಷಿಗೆ ತೋರಿಸಿದರೆ ಜೈಲು. ಬೇಸಿಗೆಯ ಬಿಡುವಿನ ಇತಿಹಾಸವನ್ನು ಹೆಣ್ಣಿನ ಕಡೆಯಿಂದ ಓದುವಾಗ ನನಗೆ ಮತ್ತೆ ಮತ್ತೆ ಎದುರಾಗುವುದು ಇದೇ. ಮೈ ಕಂಡಿತು ಅನ್ನೋದು ಬರೀ ನೆಪ. ಆ ಮೈ ಯಾರ ಸಲುವಾಗಿ ಅಲ್ಲಿದೆ ಅನ್ನೋದು ನಿಜವಾದ ತಕರಾರು.

ಸ್ವಲ್ಪ ಹಿಂದಕ್ಕೆ ಹೋಗೋಣ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಮುದ್ರ ಸ್ನಾನ ಅಂದರೆ ಔಷಧಿ, ವೈದ್ಯರು ಬರೆದುಕೊಡುತ್ತಿದ್ದರು. ಹೆಂಗಸರು ಚಕ್ರದ ಮೇಲಿನ ಮರದ ಗೂಡಿನೊಳಗೆ ಬಟ್ಟೆ ಬದಲಿಸುತ್ತಿದ್ದರು. ಕುದುರೆ ಆ ಗೂಡನ್ನು ನೀರಿನವರೆಗೂ ಎಳೆಯುತ್ತಿತ್ತು. ಗೂಡಿನಿಂದ ಇಳಿದವರನ್ನು ಗಟ್ಟಿಮುಟ್ಟಾದ ಕೆಲಸದ ಹೆಂಗಸರು ಹಿಡಿದು ಮುಳುಗಿಸಿ ಎತ್ತುತ್ತಿದ್ದರು. ಬ್ರೈಟನ್ನಿನ ಮಾರ್ಥಾ ಗನ್ ಇಂಥವರಲ್ಲಿ ಬಹಳ ಪ್ರಸಿದ್ಧಳು. 1815ರಲ್ಲಿ ತೀರಿಕೊಂಡಳು. ಗಂಟೆಗಟ್ಟಲೆ ತಣ್ಣೀರಲ್ಲಿ ನಿಂತು ದುಡಿಯುತ್ತಿದ್ದ ಈ ಹೆಂಗಸರ ಮಾನದ ಬಗ್ಗೆ ಅಷ್ಟೊಂದು ಚಿಂತೆ ಇದ್ದಂತೆ ಕಾಣುವುದಿಲ್ಲ. ಮರೆ ಬೇಕಾಗಿದ್ದದ್ದು ದುಡ್ಡು ಕೊಟ್ಟು ಮುಳುಗುವವರಿಗೆ ಮಾತ್ರ, ಅಲ್ವಾ?

ಹೆಂಗಸರನ್ನು ತಡೆದವರೆಲ್ಲ ಗಂಡಸರೇ ಅಂದುಕೊಂಡರೆ ಕಥೆ ಸುಲಭವಾಗುತ್ತದೆ. ಆದರೆ ಸುಳ್ಳಾಗುತ್ತದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಈಜು ಮೊದಲ ಸಲ ಸೇರಿತು. ಸಿಡ್ನಿಯಲ್ಲಿ ಫ್ಯಾನಿ ಡ್ಯೂರಾಕ್ ಮತ್ತು ಮಿನಾ ವೈಲಿ ಎಂಬ ಇಬ್ಬರು ಒಳ್ಳೆಯ ಈಜುಗಾರ್ತಿಯರಿದ್ದರು. ಆದರೆ ಗಂಡಸರು ನೋಡುವ ಕಡೆ ಹೆಂಗಸರು ಸ್ಪರ್ಧೆಗೆ ಇಳಿಯಬಾರದು ಎಂದು ಅಲ್ಲಿನ ಮಹಿಳಾ ಈಜು ಸಂಘದ್ದೇ ನಿಯಮ. ಆ ಸಂಘದ ಅಧ್ಯಕ್ಷೆ ರೋಸ್ ಸ್ಕಾಟ್. ಸಾಮಾನ್ಯರಲ್ಲ, ಹೆಂಗಸರ ಮತದಾನದ ಹಕ್ಕಿಗೆ ಹೋರಾಡಿದವರು. ಜನರ ಒತ್ತಾಯಕ್ಕೆ ನಿಯಮ ಬದಲಾದಾಗ ಅವರು ರಾಜೀನಾಮೆ ಕೊಟ್ಟರು. ಡ್ಯೂರಾಕ್ 100 ಮೀಟರಿನಲ್ಲಿ ಚಿನ್ನ ಗೆದ್ದರು, ವೈಲಿ ಬೆಳ್ಳಿ. ಅಮೆರಿಕ ಆ ವರ್ಷ ಒಬ್ಬ ಈಜುಗಾರ್ತಿಯನ್ನೂ ಕಳಿಸಲಿಲ್ಲ.

ರೋಸ್ ಸ್ಕಾಟ್ ಅವರನ್ನು ಸಂಪ್ರದಾಯಸ್ಥೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗಂಡಸರು ಹೇಗೆ ನೋಡುತ್ತಾರೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ನೋಡುವವನ ತಪ್ಪಿಗೆ ಈಜುವವಳನ್ನು ಮನೆಯಲ್ಲಿ ಕೂರಿಸುವುದು ಯಾವ ನ್ಯಾಯ? ಈ ಜಗಳ ಸ್ತ್ರೀವಾದಿಗಳ ನಡುವೆ ಇವತ್ತಿಗೂ ನಡೆದಿದೆ.

ಪೊಲೀಸರು ಹಿಂದೆ ಸರಿಯುವ ಮೊದಲೇ ಜಾಹೀರಾತು ಮುಂದೆ ಬಂದಿತ್ತು. 1915ರಲ್ಲಿ ಅಮೆರಿಕದ ಹಾರ್ಪರ್ಸ್ ಬಜಾರ್ ಪತ್ರಿಕೆಯಲ್ಲಿ ತೋಳಿಲ್ಲದ ಉಡುಪು ತೊಟ್ಟು ಕೈ ಮೇಲೆತ್ತಿದ ಹೆಣ್ಣಿನ ಚಿತ್ರ ಬಂತು. ಕೂದಲು ತೆಗೆಯುವ ಪುಡಿಯ ಜಾಹೀರಾತು ಅದು. ಬೇಸಿಗೆಯ ಉಡುಪು ಮತ್ತು ಹೊಸ ಕಾಲದ ನೃತ್ಯ ಎರಡೂ ಸೇರಿ ಕಂಕುಳ ಕೂದಲು ತೆಗೆಯುವುದನ್ನು ಅಗತ್ಯ ಮಾಡಿವೆ ಅನ್ನೋದು ಅದರ ವಾದ. ಅದೇ ವರ್ಷ ಜಿಲೆಟ್ ಕಂಪನಿ ಹೆಂಗಸರಿಗೆಂದೇ ರೇಜರ್ ತಂದಿತು. ಅಲ್ಲಿಯವರೆಗೆ ಆ ದೇಶದಲ್ಲಿ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳದ ಕೂದಲು ನಾಚಿಕೆಯ ವಿಷಯವಾಯಿತು. ಈಗಲೂ ಬೇಸಿಗೆ ಹತ್ತಿರ ಬಂದರೆ ಸಾಕು, ನಿಮ್ಮ ಮೈ ಇನ್ನೂ ತಯಾರಾಗಿಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ರಜೆಗೆ ಮುಂಚೆ ಪರೀಕ್ಷೆ ಪಾಸು ಮಾಡಬೇಕು.

ಪಾಸಾಗದವರು ನಗೆಪಾಟಲು. ಇಂಗ್ಲೆಂಡಿನ ಕಡಲ ತೀರದ ಅಂಗಡಿಗಳಲ್ಲಿ ಡೊನಾಲ್ಡ್ ಮೆಗಿಲ್ ಬರೆದ ತಮಾಷೆ ಚಿತ್ರದ ಪೋಸ್ಟ್ ಕಾರ್ಡುಗಳು ಕೋಟಿಗಟ್ಟಲೆ ಮಾರಾಟವಾದವು. ಬಿಗಿಯಾದ ಈಜುಡುಗೆಯ ದೊಡ್ಡ ಗಾತ್ರದ ಹೆಂಡತಿ, ಪಕ್ಕದಲ್ಲಿ ಕಡ್ಡಿಯಂಥ ಗಂಡ, ಕೆಳಗೊಂದು ದ್ವಂದ್ವಾರ್ಥದ ಸಾಲು. 1954ರಲ್ಲಿ ಲಿಂಕನ್ ಪಟ್ಟಣದ ಕೋರ್ಟು ಇವು ಅಶ್ಲೀಲ ಎಂದು ಮೆಗಿಲ್ ಅವರಿಗೆ 50 ಪೌಂಡ್ ದಂಡ ಹಾಕಿತು. ಬಳಸಿದ ಕಾನೂನು 1857ರದ್ದು. ದ್ವಂದ್ವಾರ್ಥಕ್ಕೆ ಕೇಸಾಯಿತು. ದಪ್ಪಗಿರುವ, ವಯಸ್ಸಾದ ಹೆಂಗಸರನ್ನು ವರ್ಷಗಟ್ಟಲೆ ಗೇಲಿ ಮಾಡಿದ್ದು ಕಾನೂನಿನ ಕಣ್ಣಿಗೆ ಬೀಳಲೇ ಇಲ್ಲ.

ಹಾಗಂತ ಆ ಕಾರ್ಡುಗಳನ್ನು ನಾನು ಎಸೆಯುವುದಿಲ್ಲ. ಕೆಲವಕ್ಕೆ ನನಗೂ ನಗು ಬರುತ್ತದೆ. ನಕ್ಕರೆ ಸ್ತ್ರೀವಾದಕ್ಕೆ ಏನೂ ಆಗುವುದಿಲ್ಲ, ಹೆದರಬೇಡಿ. ಇನ್ನೊಂದು ಮಾತು. ಗೇಲಿಯನ್ನು ಪಕ್ಕಕ್ಕಿಟ್ಟು ಚಿತ್ರ ನೋಡಿ. ಆ ದಪ್ಪ ಹೆಂಗಸು ಮನೆಯಲ್ಲಿ ಅಡಗಿ ಕೂತಿಲ್ಲ. ಮರಳಿನ ಮೇಲೆ, ಬಿಸಿಲಿನಲ್ಲಿ, ಎಲ್ಲರ ನಡುವೆ ಇದ್ದಾಳೆ. ದುಡಿಯುವ ವರ್ಗದ ಹೆಂಗಸರು ತೀರಕ್ಕೆ ಬಂದಿದ್ದರು, ಜಾಗ ಹಿಡಿದಿದ್ದರು ಎಂದು ಗೇಲಿ ಮಾಡಿದವನೇ ಸಾಕ್ಷಿ ಬಿಟ್ಟುಹೋಗಿದ್ದಾನೆ. ಜನಪ್ರಿಯ ಸಂಸ್ಕೃತಿ ಇತಿಹಾಸಕಾರರಿಗೆ ಉಪಯೋಗಕ್ಕೆ ಬರುವುದೇ ಹೀಗೆ, ಅದು ಹೇಳಬೇಕು ಅಂದುಕೊಂಡದ್ದಕ್ಕಿಂತ ಜಾಸ್ತಿ ಹೇಳಿಬಿಡುತ್ತದೆ.

ಈಗ ಬಣ್ಣದ ವಿಷಯ. 1920ರ ದಶಕದ ಹೊತ್ತಿಗೆ ಯುರೋಪ್, ಅಮೆರಿಕದ ಬಿಳಿಯರಲ್ಲಿ ಬಿಸಿಲಿಗೆ ಮೈಯೊಡ್ಡಿ ಚರ್ಮ ಕಂದಾಗಿಸಿಕೊಳ್ಳುವ ಫ್ಯಾಷನ್ ಶುರುವಾಯಿತು. ಅದಕ್ಕೆ ಮುಂಚೆ ಕಂದು ಚರ್ಮ ಅಂದರೆ ಹೊಲದಲ್ಲಿ ದುಡಿಯುವವರ ಗುರುತು. ಈಗ ರಜೆ ಹೋಗಿಬಂದವರ ಗುರುತಾಯಿತು. 1944ರಲ್ಲಿ ಮಯಾಮಿಯ ಬೆಂಜಮಿನ್ ಗ್ರೀನ್ ಎಂಬ ಔಷಧ ವ್ಯಾಪಾರಿ ಕಾಪರ್‌ಟೋನ್ ಎಂಬ ಲೇಪ ತಯಾರಿಸಿದ. ಹೆಸರೇ ತಾಮ್ರದ ಬಣ್ಣದ್ದು. ಅದೇ ಮಯಾಮಿಯಲ್ಲಿ ಆಗ ಕರಿಯ ಜನಕ್ಕೆ ಬಿಳಿಯರ ತೀರಗಳಲ್ಲಿ ಪ್ರವೇಶವಿರಲಿಲ್ಲ. 1945ರ ಮೇ ತಿಂಗಳಲ್ಲಿ ಕೆಲವರು ಬೇಕೆಂದೇ ಹಾಲೋವರ್ ತೀರದಲ್ಲಿ ನೀರಿಗಿಳಿದು ಪ್ರತಿಭಟಿಸಿದರು. ಆಗಸ್ಟಿನಲ್ಲಿ ವರ್ಜಿನಿಯಾ ಕೀ ಎಂಬ ದ್ವೀಪದಲ್ಲಿ ಅವರಿಗೆಂದು ಬೇರೆ ತೀರ ಕೊಟ್ಟರು. ಬಾಟಲಿಯ ಲೇಪ ಹಚ್ಚಿ ಪಡೆದ ಕಂದು ಬಣ್ಣಕ್ಕೆ ಸ್ವಾಗತ. ಹುಟ್ಟಿನಿಂದ ಬಂದ ಬಣ್ಣ ಆಚೆ ಹೋಗಬೇಕು.

ಕಳಂಕ ಅನ್ನೋದು ಮನುಷ್ಯನ ಮೈಯಲ್ಲಿಲ್ಲ, ಜನರ ನಡುವಿನ ಸಂಬಂಧದಲ್ಲಿದೆ ಎಂದು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ವಾದಿಸಿದರು. ಮಯಾಮಿಯ ಮರಳಿನ ಮೇಲೆ ಅದಕ್ಕೆ ಉದಾಹರಣೆ ಆಗಲೇ ಸಿಕ್ಕಿತ್ತು. ಇನ್ನು ಕರಿಯ ಹೆಣ್ಣುಮಕ್ಕಳಿಗೆ ಎರಡು ಕಡೆಯಿಂದಲೂ ಬಾಗಿಲು ಮುಚ್ಚಿತ್ತು. ಈಜಲು ತೀರವಿಲ್ಲ, ಮೆರೆಯಲು ವೇದಿಕೆಯೂ ಇಲ್ಲ. ಅಟ್ಲಾಂಟಿಕ್ ಸಿಟಿಯ ಆ ಸ್ಪರ್ಧೆಯ ವೇದಿಕೆಗೆ ಮೊದಲ ಕರಿಯ ಸ್ಪರ್ಧಿ ಶೆರಿಲ್ ಬ್ರೌನ್ ಬರಲು 1970 ಆಗಬೇಕಾಯಿತು.

ಇದೆಲ್ಲ ಹಳೆಯ ಕಥೆ ಅನ್ನುವಿರಾ? 2016ರ ಆಗಸ್ಟಿನಲ್ಲಿ ಫ್ರಾನ್ಸಿನ ಕಾನ್ ಸೇರಿ ಸುಮಾರು 30 ಊರುಗಳು ಬುರ್ಕಿನಿಯನ್ನು ನಿಷೇಧಿಸಿದವು. ತಲೆಯಿಂದ ಕಾಲಿನವರೆಗೆ ಮುಚ್ಚುವ ಆ ಈಜುಡುಗೆಯನ್ನು ರೂಪಿಸಿದವರು ಆಸ್ಟ್ರೇಲಿಯಾದ ಅಹೀದಾ ಜನೆಟ್ಟಿ. ಮುಸ್ಲಿಂ ಹೆಣ್ಣುಮಕ್ಕಳು ಆಟಕ್ಕೆ, ಈಜಿಗೆ ಇಳಿಯಲಿ ಎಂದೇ ಮಾಡಿದ್ದು. ನೀಸ್ ತೀರದಲ್ಲಿ ಬಂದೂಕು ಹೊತ್ತ ಪೊಲೀಸರು ಸುತ್ತ ನಿಂತಿರುವಾಗ ಹೆಂಗಸೊಬ್ಬರು ಮೇಲಂಗಿ ತೆಗೆಯುವ ಫೋಟೊ ಜಗತ್ತಿನ ತುಂಬ ಹರಿದಾಡಿತು. ಆಗಸ್ಟ್ 26ರಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಒಂದು ಊರಿನ ನಿಷೇಧಕ್ಕೆ ತಡೆ ಕೊಟ್ಟಿತು. ಮೈ ಮುಚ್ಚಬೇಕೆಂಬ ಒತ್ತಡ ಆ ಹೆಂಗಸರಿಗೆ ಮನೆಯಿಂದಲೇ ಬಂದಿರಬಹುದು ಎಂಬ ಪ್ರಶ್ನೆ ನಿಜವಾದದ್ದು, ಅದನ್ನು ನಾನೂ ಕೇಳುತ್ತೇನೆ. ಆದರೆ ನೀರಿನಿಂದ ಎಬ್ಬಿಸಿ ಕಳಿಸಿದರೆ ಆಕೆ ಹೋಗುವುದು ಅದೇ ಮನೆಗೆ ತಾನೇ?

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ಇಂಥ ಇತಿಹಾಸ ಸರ್ಕಾರಿ ದಾಖಲೆಯಲ್ಲಿ ಸಿಗುವುದು ಕಡಿಮೆ. ಜಗಳವಾದರೆ ಮಾತ್ರ ದಾಖಲಾಗುತ್ತದೆ. ಸುಮ್ಮನೆ ದಡದಲ್ಲಿ ಕೂತವರು ಯಾವ ಕಡತದಲ್ಲೂ ಇಲ್ಲ. ಅವರು ನಿಮ್ಮ ಮನೆಯ ಆಲ್ಬಮಿನಲ್ಲಿದ್ದಾರೆ. ರಜೆಯ ಹಳೆಯ ಫೋಟೊ ತೆಗೆದು ನೋಡಿ. ಯಾರು ನೀರಿನಲ್ಲಿದ್ದಾರೆ, ಯಾರ ಕೈಯಲ್ಲಿ ಎಲ್ಲರ ಟವೆಲ್, ಚಪ್ಪಲಿ, ಮಗು ಇದೆ? ಮನೆಯ ಹಿರಿಯ ಹೆಂಗಸರು ಇನ್ನೂ ಇದ್ದರೆ, ನೀವು ಯಾಕೆ ನೀರಿಗೆ ಇಳಿಯಲಿಲ್ಲ ಎಂದು ಕೇಳಿ. ಇಷ್ಟವಿರಲಿಲ್ಲ ಅನ್ನಬಹುದು, ಬಿಡುವಿರಲಿಲ್ಲ ಅನ್ನಬಹುದು, ಯಾರೋ ಏನೋ ಅಂದಿದ್ದರು ಅನ್ನಬಹುದು. ಉತ್ತರ ಏನೇ ಬರಲಿ, ಅವರ ಹೆಸರು, ಊರು, ಇಸವಿ ಸಮೇತ ಫೋಟೊದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡಿ. ಪೆನ್ನು ಬೇಡ, ಶಾಯಿ ಮುಂದಿನ ಬದಿಗೆ ಇಳಿಯುತ್ತದೆ.

ನಮಸ್ಕಾರ.